ಬರೋಲೊ ಕೆಂಪು ವೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ವೈನ್ ಕುಡಿಯುವ ಅಭ್ಯಾಸ ಸ್ವಲ್ಪ ಇರುವವರು ಒಂದಲ್ಲ ಒಂದು ದಿನ ಬರೋಲೊ ಹೆಸರು ಕೇಳಿರುತ್ತಾರೆ. ಬೆಲೆ ನೋಡಿ ಹಿಂದೆ ಸರಿದವರಿದ್ದಾರೆ. ಯಾರೋ ಉಡುಗೊರೆ ಕೊಟ್ಟರು ಅಂತ ತೆರೆದು, ಒಂದು ಗುಟುಕಿಗೆ ಮುಖ ಸಿಂಡರಿಸಿದವರೂ ಇದ್ದಾರೆ. ನನಗೆ ಇದು ತುಂಬಾ ಪ್ರೀತಿಯ ವೈನ್. ಇದನ್ನು ಅವಸರದಲ್ಲಿ ಕುಡಿದು, ಇಷ್ಟವಾಗಲಿಲ್ಲ ಎಂದು ಬಿಟ್ಟುಬಿಡುವವರನ್ನು ಕಂಡರೆ ಬೇಸರವಾಗುತ್ತದೆ. ಬರೋಲೊಗೆ ಎರಡು ಬೇಕು: ಸಮಯ ಮತ್ತು ಊಟ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಈ ಎರಡಕ್ಕೇ ಬಂದು ನಿಲ್ಲುತ್ತವೆ.

ಬರೋಲೊ ಅಂದರೆ ದ್ರಾಕ್ಷಿಯ ಹೆಸರಾ, ಊರಿನ ಹೆಸರಾ?

ಊರಿನ ಹೆಸರು. ಇಟಲಿಯ ವಾಯವ್ಯದಲ್ಲಿ ಪಿಯೆಮೊಂತೆ ಎಂಬ ಪ್ರಾಂತ್ಯವಿದೆ. ಅಲ್ಲಿನ ಟ್ಯೂರಿನ್ ನಗರದಿಂದ ದಕ್ಷಿಣಕ್ಕೆ ಬಂದರೆ ಆಲ್ಬಾ ಪಟ್ಟಣ ಸಿಗುತ್ತದೆ. ಅದರ ಪಕ್ಕದಲ್ಲೇ ಲಾಂಗೆ ಗುಡ್ಡಗಳು. ಆ ಗುಡ್ಡಗಳ ನಡುವಿನ ಪುಟ್ಟ ಹಳ್ಳಿ ಬರೋಲೊ. ಈ ಹಳ್ಳಿ ಮತ್ತು ಸುತ್ತಲಿನ ಹತ್ತು ಊರುಗಳು, ಒಟ್ಟು 11 ಊರುಗಳ ಗೊತ್ತುಪಡಿಸಿದ ಇಳಿಜಾರುಗಳಲ್ಲಿ ಬೆಳೆದ ದ್ರಾಕ್ಷಿಯಿಂದ ಮಾಡಿದರೆ ಮಾತ್ರ ಬಾಟಲಿಯ ಮೇಲೆ ಬರೋಲೊ ಎಂದು ಬರೆಯಬಹುದು.

ದ್ರಾಕ್ಷಿಯ ತಳಿ ನೆಬ್ಬಿಯೋಲೊ. ಬೇರೆ ತಳಿಯನ್ನು ಒಂದು ಹನಿಯೂ ಬೆರೆಸುವಂತಿಲ್ಲ. 1966ರಲ್ಲಿ ಸರ್ಕಾರ ಬರೋಲೊಗೆ ಮೊದಲ ಮಾನ್ಯತೆ ಕೊಟ್ಟಿತು. 1980ರಲ್ಲಿ ಇಟಲಿಯ ಅತಿ ಮೇಲಿನ ದರ್ಜೆ ಡಿಒಸಿಜಿ ಸಿಕ್ಕಿತು. ನಿಯಮಗಳು ಬಿಗಿ. ಒಂದು ಹೆಕ್ಟೇರಿಗೆ 8 ಟನ್‌ಗಿಂತ ಜಾಸ್ತಿ ದ್ರಾಕ್ಷಿ ತೆಗೆಯಬಾರದು. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬೆಳೆಯಬಾರದು. ಮದ್ಯಸಾರ ಶೇ. 13ಕ್ಕಿಂತ ಕಡಿಮೆ ಇರಬಾರದು. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ 38 ತಿಂಗಳು ವೈನನ್ನು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಂದರೆ 2020ರ ಕೊಯ್ಲಿನ ಬರೋಲೊ ಅಂಗಡಿಗೆ ಬಂದಿದ್ದು 2024ರ ಜನವರಿಯ ನಂತರ. ರಿಸೆರ್ವಾ ಎಂದು ಬರೆಯಬೇಕಾದರೆ 62 ತಿಂಗಳು ಕಾಯಬೇಕು.

ಬಣ್ಣ ಇಷ್ಟು ತೆಳುವಾಗಿದೆಯಲ್ಲ, ಕಳಪೆ ಮಾಲಾ?

ಅಲ್ಲ. ಒಳ್ಳೆಯ ಕೆಂಪು ವೈನ್ ಎಂದರೆ ಕಪ್ಪಗೆ, ದಟ್ಟವಾಗಿ ಇರಬೇಕು ಎಂದು ನಾವು ಅಂದುಕೊಂಡಿರುತ್ತೇವೆ. ಕ್ಯಾಬರ್ನೆ ಅಥವಾ ಶಿರಾಜ್ ಕುಡಿದು ಅಭ್ಯಾಸವಾದವರಿಗೆ ಬರೋಲೊ ನೀರು ಬೆರೆಸಿದ ಹಾಗೆ ಕಾಣುತ್ತದೆ. ಗ್ಲಾಸನ್ನು ಓರೆ ಮಾಡಿ ಹಿಡಿದರೆ ಆಚೆ ಇರುವ ಅಕ್ಷರ ಓದಬಹುದು. ಅಂಚಿನಲ್ಲಿ ಕಿತ್ತಳೆ ಛಾಯೆ ಇರುತ್ತದೆ, ನಾಲ್ಕೈದು ವರ್ಷದ ವೈನಿನಲ್ಲಿ ಕೂಡ.

ಇದು ತಳಿಯ ಗುಣ. ದ್ರಾಕ್ಷಿಗೆ ಕೆಂಪು ಬಣ್ಣ ಕೊಡುವ ವಸ್ತುಗಳಲ್ಲಿ ಹಲವು ಬಗೆಗಳಿವೆ. ನೆಬ್ಬಿಯೋಲೊ ಸಿಪ್ಪೆಯಲ್ಲಿ ಇರುವವು ಹೆಚ್ಚಾಗಿ ಗಾಳಿ ತಾಗಿದರೆ ಬೇಗ ಮಾಸುವ ಬಗೆಯವು. ಆದರೆ ಅದೇ ಹಣ್ಣಿನ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಮಾತ್ರ ಧಾರಾಳವಾಗಿದೆ. ಹಾಗಾಗಿ ಕಣ್ಣಿಗೆ ಮೆದುವಾಗಿ ಕಂಡ ವೈನ್ ಬಾಯಿಗೆ ಹೋದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ತಿಳಿದವರ ಮುಂದೆ ತೀರಾ ಕಪ್ಪಗಿನ ಬರೋಲೊ ಇಟ್ಟರೆ ಅವರಿಗೆ ಅನುಮಾನ ಬರುವುದೇ ಜಾಸ್ತಿ.

ಮೊದಲ ಗುಟುಕಿಗೇ ಬಾಯಿ ಒಣಗಿತು. ವೈನ್ ಕೆಟ್ಟಿತ್ತಾ?

ಬಹುಶಃ ಇಲ್ಲ. ಎಳೆ ಅಡಿಕೆ ಅಗಿದಾಗ ಕೆನ್ನೆಯ ಒಳಗೆ, ವಸಡಿಗೆ ಒಗರು ಹಿಡಿದುಕೊಳ್ಳುತ್ತದಲ್ಲ, ಟ್ಯಾನಿನ್ ಮಾಡುವ ಕೆಲಸವೂ ಅದೇ. ಅದು ನಮ್ಮ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರಿಕೆ ಹೋಗಿ ಒಣಗಿದಂತಾಗುತ್ತದೆ. ನೆಬ್ಬಿಯೋಲೊದಲ್ಲಿ ಇದರ ಜೊತೆಗೆ ಹುಳಿಯೂ ಜೋರು. ಎರಡೂ ಒಟ್ಟಿಗೆ ಬಂದಾಗ ಮೊದಲ ಸಲ ಕುಡಿಯುವವರಿಗೆ ಗಾಬರಿಯಾಗುವುದು ಸಹಜ.

ಮೊದಲ ಗುಟುಕಿನಲ್ಲಿ ತೀರ್ಮಾನ ಮಾಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಒಂದು ಚೂರು ಚೀಸ್ ಅಥವಾ ಮಾಂಸ ತಿಂದು ಮತ್ತೆ ಕುಡಿದು ನೋಡಿ. ಆಹಾರದಲ್ಲಿರುವ ಪ್ರೋಟೀನು, ಕೊಬ್ಬು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತವೆ. ವಸಡಿನ ಮೇಲಿನ ಭಾರ ಇಳಿಯುತ್ತದೆ. ಅಲ್ಲಿಯವರೆಗೆ ಮರೆಯಲ್ಲಿದ್ದ ಹಣ್ಣಿನ ರುಚಿ ಆಗ ಮುಂದೆ ಬರುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೊಂದು ಗುಟುಕು. ಒಂದು ಗಂಟೆ ಬಿಟ್ಟು ಇನ್ನೊಂದು. ಒಂದೇ ಬಾಟಲಿ ಸಂಜೆಯುದ್ದಕ್ಕೂ ಬದಲಾಗುತ್ತಾ ಹೋಗುವುದನ್ನು ನೋಡುವುದೇ ಈ ವೈನಿನ ದೊಡ್ಡ ಸುಖ.

ನಿಜವಾಗಿ ಕೆಟ್ಟ ವೈನನ್ನು ಮೂಗು ಹಿಡಿಯುತ್ತದೆ. ಒದ್ದೆ ರಟ್ಟು ಅಥವಾ ಮುಗ್ಗಿದ ಬಟ್ಟೆಯ ವಾಸನೆ ಬಂದರೆ ಕಾರ್ಕಿನಿಂದ ದೋಷ ಬಂದಿದೆ ಎಂದರ್ಥ. ಅದು ಗಾಳಿಗೆ ಬಿಟ್ಟರೂ ಹೋಗುವುದಿಲ್ಲ. ರೆಸ್ಟೋರೆಂಟಿನಲ್ಲಾದರೆ ಸಂಕೋಚ ಇಲ್ಲದೆ ಬೇರೆ ಬಾಟಲಿ ಕೇಳಿ.

ಪರಿಮಳದಲ್ಲಿ ಏನು ಹುಡುಕಬೇಕು? ನನಗೆ ಸುಮ್ನೆ ವೈನ್ ವಾಸನೆಯಷ್ಟೇ ಬರುತ್ತದೆ.

ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಬರೋಲೊ ಬಗ್ಗೆ ಹಳಬರು ಹೇಳುವ ಎರಡು ಪರಿಮಳಗಳಿವೆ: ಗುಲಾಬಿ ಮತ್ತು ಡಾಂಬರು. ಕೇಳಿದರೆ ವಿಚಿತ್ರ ಅನಿಸುತ್ತದೆ, ಆದರೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ಒಣಗಿದ ಗುಲಾಬಿ ಪಕಳೆಯನ್ನು ನೆನಪಿಸಿಕೊಳ್ಳಿ. ಅದರ ಹಿಂದೆ ಬಿಸಿಲಿಗೆ ಕಾದ ರಸ್ತೆಯ ಒಂದು ಎಳೆ. ಎಳೆಯ ವೈನಿನಲ್ಲಿ ಹುಳಿ ಚೆರ್ರಿ, ರಾಸ್ಪ್‌ಬೆರಿ, ನೇರಳೆ ಬಣ್ಣದ ವಯೊಲೆಟ್ ಹೂವು ಇರುತ್ತವೆ. ವಯಸ್ಸಾದಂತೆ ಹಣ್ಣು ಹಿಂದೆ ಸರಿದು ಜ್ಯೇಷ್ಠಮಧು, ಕಿತ್ತಳೆ ಸಿಪ್ಪೆ, ಚರ್ಮ, ತಂಬಾಕು, ಮಳೆಗೆ ನೆಂದ ತರಗೆಲೆ, ಅಣಬೆ ಬರುತ್ತವೆ.

ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಕೂರಬೇಡಿ. ಗ್ಲಾಸನ್ನು ಅಲುಗಿಸದೆ ಒಮ್ಮೆ ಮೂಸಿ, ಆಮೇಲೆ ನಿಧಾನ ತಿರುಗಿಸಿ ಇನ್ನೊಮ್ಮೆ ಮೂಸಿ. ಎರಡಕ್ಕೂ ವ್ಯತ್ಯಾಸ ಇದೆಯಾ ಎಂದು ಮಾತ್ರ ಗಮನಿಸಿ. ಹೂವಾ, ಹಣ್ಣಾ, ಮಣ್ಣಾ ಎಂದು ಕೇಳಿಕೊಳ್ಳಿ. ಅಷ್ಟು ಸಾಕು. ಉಳಿದ ಹೆಸರುಗಳು ಅಭ್ಯಾಸದಿಂದ ತಾನಾಗಿ ಬರುತ್ತವೆ.

ಎಷ್ಟು ತಣ್ಣಗೆ, ಎಂಥ ಗ್ಲಾಸಿನಲ್ಲಿ ಕುಡಿಯಬೇಕು?

16ರಿಂದ 18 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅನ್ನುವ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ. ಮಂಗಳೂರಿನ ಅಥವಾ ಕಲಬುರಗಿಯ ಕೋಣೆಗೆ ಅದು ಅನ್ವಯಿಸುವುದಿಲ್ಲ, ಅಲ್ವಾ? ಬಿಸಿಯಾದ ಬರೋಲೊದಲ್ಲಿ ಮದ್ಯಸಾರ ಮೂಗಿಗೆ ರಾಚುತ್ತದೆ, ಗುಲಾಬಿ ಸತ್ತೇಹೋಗುತ್ತದೆ. ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟು ತೆಗೆಯಿರಿ. ತೀರಾ ತಣ್ಣಗೂ ಬೇಡ, ಆಗ ಒಗರು ಇನ್ನೂ ಜಾಸ್ತಿ ಅನಿಸುತ್ತದೆ.

ಗ್ಲಾಸು ಹೊಟ್ಟೆ ಅಗಲವಾಗಿ, ಬಾಯಿ ಸ್ವಲ್ಪ ಕಿರಿದಾಗಿ ಇರಲಿ. ಮೂರನೇ ಒಂದು ಭಾಗ ಮಾತ್ರ ತುಂಬಿ.

ಮುಂಚೆಯೇ ತೆರೆದಿಡಬೇಕಾ?

ಎಳೆಯ ಬರೋಲೊ ಆದರೆ ಹೌದು. ಬರೀ ಕಾರ್ಕ್ ತೆಗೆದಿಟ್ಟರೆ ಪ್ರಯೋಜನ ಕಡಿಮೆ, ಬಾಟಲಿಯ ಕತ್ತಿನಷ್ಟು ಜಾಗದಲ್ಲಿ ಎಷ್ಟು ಗಾಳಿ ಹೋದೀತು? ಅಗಲ ತಳದ ಗಾಜಿನ ಜಗ್ಗಿಗೆ ಸುರಿದು ಎರಡು ಮೂರು ಗಂಟೆ ಬಿಡಿ. ಡಿಕ್ಯಾಂಟರೇ ಬೇಕೆಂದಿಲ್ಲ, ವಾಸನೆಯಿಲ್ಲದ ಯಾವುದೇ ಶುಭ್ರ ಜಗ್ ನಡೆಯುತ್ತದೆ.

ಇಪ್ಪತ್ತು ಮೂವತ್ತು ವರ್ಷದ ಬಾಟಲಿಯನ್ನು ಮಾತ್ರ ಬೇರೆ ರೀತಿ ನೋಡಿಕೊಳ್ಳಬೇಕು. ಒಂದೆರಡು ದಿನ ಮೊದಲೇ ನೇರವಾಗಿ ನಿಲ್ಲಿಸಿ, ಗಸಿಯೆಲ್ಲ ತಳಕ್ಕೆ ಇಳಿಯಲಿ. ಕಾರ್ಕ್ ಪುಡಿಯಾಗುವ ಸಂಭವವಿದೆ, ನಿಧಾನವಾಗಿ ತೆಗೆಯಿರಿ. ಮೊದಲು ಸ್ವಲ್ಪ ರುಚಿ ನೋಡಿ, ಆಮೇಲೆ ಗಾಳಿಗೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸಿ. ಕೆಲವು ಹಳೆಯ ವೈನುಗಳು ಗಾಳಿ ತಾಗಿ ಅರಳುತ್ತವೆ, ಕೆಲವು ಒಂದು ಗಂಟೆಯಲ್ಲೇ ಸೊರಗುತ್ತವೆ.

ಲೇಬಲ್ ಮೇಲೆ ಬೇರೆ ಬೇರೆ ಊರು, ತೋಟಗಳ ಹೆಸರಿರುತ್ತದೆ. ಅದರಿಂದ ರುಚಿ ನಿಜವಾಗಿ ಬದಲಾಗುತ್ತದಾ?

ಬದಲಾಗುತ್ತದೆ. ಬರೋಲೊವನ್ನು ಆಳವಾಗಿ ಪ್ರೀತಿಸುವವರು ಸಿಕ್ಕಿಬೀಳುವುದೇ ಇಲ್ಲಿ.

ಲಾಂಗೆ ಒಂದು ಕಾಲದಲ್ಲಿ ಸಮುದ್ರದ ತಳ. ಮಣ್ಣು ಸುಣ್ಣದ ಅಂಶವಿರುವ ಬೂದು ಬಣ್ಣದ ಜೇಡಿ. ಪಶ್ಚಿಮ ಭಾಗದ ಲಾ ಮೊರ್ರ ಮತ್ತು ಬರೋಲೊ ಊರುಗಳಲ್ಲಿ ಇರುವುದು ಹೆಚ್ಚಾಗಿ ತೋರ್ತೋನಿಯನ್ ಎಂದು ಕರೆಯುವ, ಸ್ವಲ್ಪ ಈಚಿನ ಕಾಲದ ಮಣ್ಣು. ಅಲ್ಲಿನ ವೈನು ಬೇಗ ಮೆತ್ತಗಾಗುತ್ತದೆ, ಹೂವಿನ ಪರಿಮಳ ಮುಂದಿರುತ್ತದೆ. ಪೂರ್ವದಲ್ಲಿ ಸೆರ್ರಲುಂಗ ದ ಆಲ್ಬಾ ಕಡೆಗೆ ಹೋದರೆ ಮಣ್ಣು ಇನ್ನೂ ಹಳೆಯದು, ಮರಳುಗಲ್ಲಿನ ಪದರಗಳು ಬೆರೆತದ್ದು. ಅಲ್ಲಿನ ವೈನು ಬಿಗಿ, ಖಡಕ್. ಹತ್ತು ವರ್ಷವಾದರೂ ಮುಷ್ಟಿ ಬಿಚ್ಚುವುದಿಲ್ಲ. ಮೊನ್‌ಫೋರ್ತೆ ದ ಆಲ್ಬಾದ್ದೂ ಹೆಚ್ಚುಕಡಿಮೆ ಇದೇ ಜಾತಿಯದು, ಮೈ ಮಾತ್ರ ಇನ್ನಷ್ಟು ತುಂಬಿಕೊಂಡಿರುತ್ತದೆ. ಪಶ್ಚಿಮ, ಪೂರ್ವ ಭಾಗಗಳ ನಡುವೆ ಇರುವ ಕಾಸ್ತಿಲಿಯೋನೆ ಫಲ್ಲೆತ್ತೊ ಎರಡೂ ಕಡೆಯ ಗುಣ ಹಂಚಿಕೊಂಡಿದೆ. ಉತ್ತರದ ವೆರ್ದೂನೊ ಹಗುರ, ಸುವಾಸನೆ ಜಾಸ್ತಿ. ಈಗ ಅದರ ಮೊನ್ವಿಲಿಯೆರೊ ಇಳಿಜಾರಿಗೆ ತುಂಬಾ ಬೇಡಿಕೆ.

ಊರಿನೊಳಗೆ ಮತ್ತೆ ತೋಟಗಳು. 2010ರಲ್ಲಿ ಇವುಗಳ ಗಡಿಗಳನ್ನು ಅಧಿಕೃತವಾಗಿ ಗುರುತಿಸಿದರು. ಒಟ್ಟು 181 ಹೆಸರುಗಳಿವೆ, ಅವುಗಳಲ್ಲಿ 11 ಇಡೀ ಊರಿಗೆ ಸೇರಿದವು. ಎಲ್ಲಕ್ಕಿಂತ ಹೆಸರಾದದ್ದು ಬರೋಲೊ ಊರಿನ ಪಕ್ಕದ ಕನ್ನೂಬಿ ಗುಡ್ಡ. ಎರಡೂ ಬಗೆಯ ಮಣ್ಣು ಅಲ್ಲಿ ಸೇರುತ್ತದೆ. 1752 ಎಂದು ಬರೆದ ಕನ್ನೂಬಿಯ ಬಾಟಲಿಯೊಂದು ಇಂದಿಗೂ ಉಳಿದಿದೆ. ಬರೋಲೊ ಎಂಬ ಹೆಸರು ವೈನಿಗೆ ಅಂಟಿಕೊಳ್ಳುವ ಮುಂಚೆಯೇ ಆ ತೋಟಕ್ಕೆ ಕೀರ್ತಿ ಇತ್ತು. ಬ್ರುನಾತೆ, ಚೆರೆಕ್ವಿಯೊ, ಬುಸ್ಸಿಯ, ವಿನ್ಯಾ ರಿಯೊಂದ, ಫ್ರಾಂಚ ಇವೂ ನೆನಪಿಡಬೇಕಾದ ಹೆಸರುಗಳು. ಒಳ್ಳೆಯ ಇಳಿಜಾರು ಯಾವುದು ಎಂದು ಅಲ್ಲಿನ ರೈತರು ಗುರುತಿಸುತ್ತಿದ್ದ ರೀತಿ ನನಗೆ ಬಹಳ ಇಷ್ಟ: ಚಳಿಗಾಲದಲ್ಲಿ ಹಿಮ ಮೊದಲು ಕರಗುವ ಜಾಗ ನೋಡಿಕೊಳ್ಳುತ್ತಿದ್ದರು. ನೆಬ್ಬಿಯೋಲೊ ಬೇಗ ಚಿಗುರಿ ತಡವಾಗಿ, ಅಕ್ಟೋಬರ್ ಹೊತ್ತಿಗೆ ಹಣ್ಣಾಗುವ ತಳಿ. ಬಿಸಿಲು ಕಡಿಮೆಯಾದರೆ ಹಣ್ಣು ಪಕ್ವವಾಗುವುದಿಲ್ಲ. ಹಾಗಾಗಿ ದಕ್ಷಿಣದ ಬಿಸಿಲು ಬೀಳುವ ಜಾಗಕ್ಕೆ ಇಷ್ಟು ಬೆಲೆ.

ಇದನ್ನು ನೀವೇ ಪರೀಕ್ಷಿಸಬೇಕಾದರೆ ಸ್ನೇಹಿತರ ಜೊತೆ ಸೇರಿ ಒಂದೇ ವರ್ಷದ ಒಂದು ಲಾ ಮೊರ್ರ, ಒಂದು ಸೆರ್ರಲುಂಗ ತನ್ನಿ. ಅಕ್ಕಪಕ್ಕ ಇಟ್ಟು ಕುಡಿಯಿರಿ. ಪುಸ್ತಕ ಓದಿ ತಿಳಿಯದ್ದು ಒಂದು ಸಂಜೆಯಲ್ಲಿ ತಿಳಿಯುತ್ತದೆ.

ಹಳೇ ಪದ್ಧತಿ, ಹೊಸ ಪದ್ಧತಿ ಎಂದು ಜಗಳ ಕೇಳಿದ್ದೇನೆ. ಏನದು?

ನಿಜವಾದ ಜಗಳವೇ ಆಗಿತ್ತು. ಹಳೇ ಪದ್ಧತಿಯಲ್ಲಿ ದ್ರಾಕ್ಷಿ ರಸವನ್ನು ಸಿಪ್ಪೆಯ ಜೊತೆ ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬಿಡುತ್ತಾರೆ. ಆಮೇಲೆ ಸಾವಿರಾರು ಲೀಟರ್ ಹಿಡಿಯುವ ಹಳೆಯ ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸುತ್ತಾರೆ. ಮರದ ರುಚಿ ವೈನಿಗೆ ಇಳಿಯುವುದಿಲ್ಲ. ಆದರೆ ವೈನು ಕುಡಿಯುವ ಹದಕ್ಕೆ ಬರಲು ಬಹಳ ಕಾಲ ಬೇಕು.

1980ರ ದಶಕದಲ್ಲಿ ಲಾ ಮೊರ್ರ ಸುತ್ತಮುತ್ತಲಿನ ಕೆಲವು ಯುವಕರು ಇದು ಸಾಕು ಎಂದರು. ಆಗ ಲಾಂಗೆಯಲ್ಲಿ ಬಡತನ. ವೈನಿಗೆ ಬೆಲೆ ಇರಲಿಲ್ಲ, ಮಕ್ಕಳು ಊರು ಬಿಟ್ಟು ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಈ ಯುವಕರಲ್ಲಿ ಒಬ್ಬರು ಎಲಿಯೊ ಅಲ್ತಾರೆ. ಫ್ರಾನ್ಸಿನ ಬರ್ಗಂಡಿಗೆ ಹೋಗಿ ಅಲ್ಲಿನ ಬೆಳೆಗಾರರ ಅನುಕೂಲ ನೋಡಿ ಬಂದವರು. ತಂದೆಯ ಹಳೇ ಪೀಪಾಯಿಗಳನ್ನು ಗರಗಸದ ಯಂತ್ರದಿಂದ ಕತ್ತರಿಸಿ ಹಾಕಿದರು. ತಂದೆ ಅವರಿಗೆ ಆಸ್ತಿ ಕೊಡಲಿಲ್ಲ. ಅಲ್ತಾರೆ ಮತ್ತು ಅವರ ಜೊತೆಗಾರರು ಸಿಪ್ಪೆಯ ಜೊತೆ ಬಿಡುವ ಅವಧಿಯನ್ನು ಕೆಲವೇ ದಿನಗಳಿಗೆ ಇಳಿಸಿದರು. 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿ, ಅಂದರೆ ಬಾರಿಕ್ ಬಳಸಿದರು. ವೈನು ಮೆತ್ತಗಾಯಿತು, ವೆನಿಲಾ ಪರಿಮಳ ಬಂತು, ಅಮೆರಿಕದಲ್ಲಿ ಮಾರಾಟವಾಯಿತು.

ಇನ್ನೊಂದು ಕಡೆ ಬಾರ್ತೊಲೊ ಮಸ್ಕರೆಲ್ಲೊ ಇದ್ದರು. ಬರೋಲೊ ಊರಿನವರು, 2005ರಲ್ಲಿ ತೀರಿಕೊಂಡರು. ಒಂದೇ ತೋಟದ ವೈನ್ ಎಂಬ ಹೊಸ ಗೀಳನ್ನೂ ಅವರು ಒಪ್ಪಲಿಲ್ಲ. ಕನ್ನೂಬಿ ಸೇರಿದಂತೆ ನಾಲ್ಕು ತೋಟಗಳ ಹಣ್ಣು ಬೆರೆಸಿ ಒಂದೇ ಬರೋಲೊ ಮಾಡಿದರು. ಲೇಬಲ್ಲಿನ ಮೇಲೆ ಕೈಯಾರೆ ಚಿತ್ರ ಬಿಡಿಸಿ ‘ಬಾರಿಕ್ ಬೇಡ, ಬೆರ್ಲುಸ್ಕೋನಿ ಬೇಡ’ (ಬೆರ್ಲುಸ್ಕೋನಿ ಇಟಲಿಯ ರಾಜಕಾರಣಿ) ಎಂದು ಬರೆದ ಬಾಟಲಿ ಇಟಲಿಯಲ್ಲೆಲ್ಲ ಮಾತಾಯಿತು. ಈಗ ಮಗಳು ಮರಿಯಾ ತೆರೇಸಾ ಅದೇ ದಾರಿಯಲ್ಲಿ ನಡೆಸುತ್ತಿದ್ದಾರೆ.

ಈಗ ಜಗಳ ತಣ್ಣಗಾಗಿದೆ. ಹೊಸಬರು ಹೊಸ ಓಕ್ ಕಡಿಮೆ ಮಾಡಿದ್ದಾರೆ, ಹಳಬರು ನೆಲಮಾಳಿಗೆಯನ್ನು ಇನ್ನಷ್ಟು ಶುಚಿಯಾಗಿ ಇಟ್ಟುಕೊಂಡಿದ್ದಾರೆ. ನನ್ನ ಒಲವು ಹಳೇ ಪದ್ಧತಿಯ ಕಡೆಗೇ. ವೆನಿಲಾ ಪರಿಮಳ ಜಗತ್ತಿನ ಯಾವ ಮೂಲೆಯ ವೈನಿನಲ್ಲಾದರೂ ಸಿಗುತ್ತದೆ, ಆ ಗುಲಾಬಿ ಮತ್ತು ಡಾಂಬರು ಬೇರೆಲ್ಲೂ ಹೀಗೆ ಸಿಗುವುದಿಲ್ಲ. ಆದರೂ ಅಲ್ತಾರೆ ಅಂಥವರ ಹಟ ಇಲ್ಲದಿದ್ದರೆ ಬರೋಲೊ ಹೆಸರು ಇಷ್ಟು ದೂರ ಹರಡುತ್ತಿರಲಿಲ್ಲ, ಊರುಗಳೂ ಬದುಕುತ್ತಿರಲಿಲ್ಲ.

‘ರಾಜರ ವೈನ್, ವೈನುಗಳ ರಾಜ’ ಎನ್ನುತ್ತಾರಲ್ಲ, ಯಾವ ರಾಜ?

ಸವಾಯ್ ಮನೆತನದವರು, ಟ್ಯೂರಿನ್ನಿನಿಂದ ಆಳುತ್ತಿದ್ದವರು. 19ನೇ ಶತಮಾನದ ಮೊದಲ ಭಾಗದಲ್ಲಿ ಬರೋಲೊ ಕೋಟೆ ಫಲ್ಲೆತ್ತಿ ಮನೆತನದ ಕೈಯಲ್ಲಿತ್ತು. ಆ ಮನೆಗೆ ಸೊಸೆಯಾಗಿ ಬಂದವರು ಫ್ರಾನ್ಸಿನಲ್ಲಿ ಹುಟ್ಟಿದ ಜೂಲಿಯಾ. ಒಮ್ಮೆ ರಾಜ ಕಾರ್ಲೊ ಆಲ್ಬೆರ್ತೊ ನಿಮ್ಮ ವೈನ್ ರುಚಿ ನೋಡುವುದು ಯಾವಾಗ ಎಂದು ಕೇಳಿದರಂತೆ. ಜೂಲಿಯಾ 325 ಪೀಪಾಯಿಗಳನ್ನು ಗಾಡಿಗಳಲ್ಲಿ ಕಳಿಸಿದರಂತೆ. ಉಪವಾಸದ ದಿನಗಳನ್ನು ಬಿಟ್ಟು ದಿನಕ್ಕೊಂದು. ಇದು ಊರಿನ ಐತಿಹ್ಯ, ಆದರೆ ಜೂಲಿಯಾ ನಿಜವಾದ ವ್ಯಕ್ತಿ, ಟ್ಯೂರಿನ್ನಿನಲ್ಲಿ ಬಡವರಿಗಾಗಿ, ಜೈಲಿನಲ್ಲಿದ್ದ ಹೆಂಗಸರಿಗಾಗಿ ಬಹಳ ಕೆಲಸ ಮಾಡಿದವರು.

ಪಕ್ಕದ ಗ್ರಿಂಜಾನೆಯಲ್ಲಿ ತೋಟ ಇದ್ದದ್ದು ಕಮಿಲ್ಲೊ ಕವೂರ್ ಮನೆತನಕ್ಕೆ. ಮುಂದೆ ಒಗ್ಗೂಡಿದ ಇಟಲಿಯ ಮೊದಲ ಪ್ರಧಾನಿಯಾದ ಇವರು ಯುವಕರಾಗಿದ್ದಾಗ ಆ ಊರಿನ ಮೇಯರ್ ಆಗಿದ್ದರು. ಅಲ್ಲಿಯವರೆಗೆ ನೆಬ್ಬಿಯೋಲೊ ವೈನು ಹೆಚ್ಚಾಗಿ ಸಿಹಿಯಾಗಿರುತ್ತಿತ್ತು. ತಡವಾಗಿ ಕೊಯ್ದ ಹಣ್ಣಿನ ರಸ ಚಳಿಗೆ ಸಿಕ್ಕಿ ಪೂರ್ತಿ ಹುದುಗದೆ ಉಳಿಯುತ್ತಿತ್ತು. ಸಕ್ಕರೆ ಉಳಿಯದಂತೆ ಪೂರ್ತಿ ಹುದುಗಿಸಿ ಇಂದಿನ ಬರೋಲೊ ಮಾಡಿದ ಕೀರ್ತಿಯನ್ನು ಬಹುಕಾಲ ಊಡಾರ್ ಎಂಬ ಫ್ರೆಂಚ್ ವ್ಯಾಪಾರಿಗೆ ಕೊಡುತ್ತಿದ್ದರು. ಕವೂರ್ ನೇಮಿಸಿದ್ದ ಸ್ಟಾಲಿಯೆನೊ ಎಂಬ ಸೇನಾಧಿಕಾರಿಗೆ ಅದರಲ್ಲಿ ದೊಡ್ಡ ಪಾಲಿದೆ ಎಂದು ಈಚಿನ ಸಂಶೋಧಕರು ಹೇಳುತ್ತಾರೆ.

ಯಾವ ವರ್ಷದ್ದು ಕೊಳ್ಳಲಿ?

2010 ಮತ್ತು 2016 ಎಲ್ಲರೂ ಮೆಚ್ಚಿದ ವರ್ಷಗಳು. 2013 ಮತ್ತು 2019 ಬಿಗಿಯಾದ, ನಿಧಾನಕ್ಕೆ ಮಾಗುವ ವರ್ಷಗಳು. 2017ರಲ್ಲಿ ಬಿಸಿಲು, ಬರ. 2014ರಲ್ಲಿ ವಿಪರೀತ ಮಳೆ. 2018 ಹಗುರ, ಬೇಗ ಕುಡಿಯಲು ಚೆನ್ನ.

ಆದರೆ ವರ್ಷಕ್ಕಿಂತ ಮಾಡಿದವರ ಹೆಸರು ನೋಡಿ ಅನ್ನುತ್ತೇನೆ. 2002ರ ಸೆಪ್ಟೆಂಬರಿನಲ್ಲಿ ಆಲಿಕಲ್ಲು ಬಿದ್ದು ಬರೋಲೊ ಸುತ್ತ ತೋಟಗಳು ಹಾಳಾದವು. ಎಷ್ಟೋ ಜನ ಆ ವರ್ಷ ಬರೋಲೊ ಮಾಡಲೇ ಇಲ್ಲ. ಸೆರ್ರಲುಂಗದ ಫ್ರಾಂಚ ತೋಟದಲ್ಲಿ ಜಾಕೊಮೊ ಕೊಂತೆರ್ನೊ ಮನೆಯವರು ಮಾತ್ರ ತಮ್ಮ ಅತ್ಯುತ್ತಮ ವೈನಾದ ಮೊನ್‌ಫೋರ್ತೀನೊ ಮಾಡಿದರು. ಆಗ ಹುಬ್ಬೇರಿಸಿದವರೂ ಇಂದು ಅದನ್ನು ಹುಡುಕಿ ಕೊಳ್ಳುತ್ತಾರೆ.

ಎಷ್ಟು ವರ್ಷ ಇಡಬಹುದು? ನಮ್ಮ ಬಿಸಿಲಲ್ಲಿ ಉಳಿಯುತ್ತದಾ?

ಒಳ್ಳೆಯ ಬರೋಲೊ ಕೊಯ್ಲಿನಿಂದ ಹತ್ತು ವರ್ಷಕ್ಕೆ ಮಾತಿಗೆ ಸಿಗುತ್ತದೆ. ಇಪ್ಪತ್ತಕ್ಕೆ ಹದವಾಗಿರುತ್ತದೆ. ಅತ್ಯುತ್ತಮವಾದವು ನಲವತ್ತು ದಾಟುತ್ತವೆ. ಇದೆಲ್ಲ 12ರಿಂದ 14 ಡಿಗ್ರಿಯ ಕತ್ತಲ ನೆಲಮಾಳಿಗೆಯಲ್ಲಿ ಮಲಗಿಸಿಟ್ಟರೆ. ಬೆಂಗಳೂರಿನ ಕಪಾಟಿನಲ್ಲಿ ಎರಡು ಬೇಸಿಗೆ ಕಳೆದರೆ ವೈನು ಬೇಯುತ್ತದೆ. ವೈನ್ ಫ್ರಿಜ್ ಇಲ್ಲದಿದ್ದರೆ ಕೂಡಿಡುವ ಆಸೆ ಬಿಡಿ. ತಂದ ಕೆಲವು ವಾರಗಳಲ್ಲಿ, ಜಗ್ಗಿಗೆ ಸುರಿದು ಗಾಳಿಗೆ ಬಿಟ್ಟು, ಒಳ್ಳೆಯ ಊಟದ ಜೊತೆ ಕುಡಿಯಿರಿ.

ಯಾವ ಊಟದ ಜೊತೆ?

ಆ ಊರಿನ ಊಟವೇ ಮೊದಲ ಉತ್ತರ. ಬರೋಲೊದಲ್ಲೇ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ, ಬ್ರಸಾತೊ. ಬರೀ ಹಳದಿ ಲೋಳೆಯಲ್ಲಿ ಹಿಟ್ಟು ಕಲಸಿ ಕೂದಲೆಳೆಯಷ್ಟು ಸಣ್ಣಗೆ ಕತ್ತರಿಸಿದ ತಯರಿನ್ ಎಂಬ ಶಾವಿಗೆ, ಅದಕ್ಕೆ ಬೆಣ್ಣೆ. ಅಕ್ಟೋಬರ್ ನವೆಂಬರಿನಲ್ಲಿ ಅದರ ಮೇಲೆ ಆಲ್ಬಾದ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆ ತುರಿಯುತ್ತಾರೆ. ಹಳೆಯ ಬರೋಲೊ ಮತ್ತು ಈ ಟ್ರಫಲ್ ಒಂದೇ ಮಣ್ಣಿನವು ಎಂದು ಮೂಗಿಗೆ ತಕ್ಷಣ ಗೊತ್ತಾಗುತ್ತದೆ. ಕಾಸ್ತೆಲ್‌ಮಾನ್ಯೊ ಎಂಬ ಬೆಟ್ಟದ ಚೀಸ್ ಕೂಡ ಚೆನ್ನಾಗಿ ಸೇರುತ್ತದೆ.

ನಮ್ಮ ಅಡುಗೆಗೆ? ಖಾರ ಜಾಸ್ತಿ ಇದ್ದರೆ ಬೇಡ. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಮತ್ತು ಟ್ಯಾನಿನ್ ಇನ್ನಷ್ಟು ಕೆರಳಿಸುತ್ತವೆ, ಹಣ್ಣಿನ ರುಚಿ ಮಾಯವಾಗುತ್ತದೆ. ಸಾರು, ಹುಳಿ, ತೆಂಗಿನಕಾಯಿ ಮಸಾಲೆ ಯಾವುದಕ್ಕೂ ಇದು ಜೊತೆಯಲ್ಲ. ಖಾರ ಕಡಿಮೆ ಹಾಕಿ ನಿಧಾನ ಬೇಯಿಸಿದ ಮಟನ್, ತುಪ್ಪದಲ್ಲಿ ಹುರಿದ ಅಣಬೆಗೆ ಚೆನ್ನಾಗಿ ಹೊಂದುತ್ತದೆ. ಮಾಂಸ ತಿನ್ನದವರಿಗೆ ಅಣಬೆ ಹಾಕಿದ ರಿಸೊತ್ತೊ, ಅಂದರೆ ಇಟಲಿಯ ಮೆತ್ತನೆ ಅನ್ನ, ಮೇಲೆ ಧಾರಾಳ ಸಸ್ಯಾಹಾರಿ ಚೀಸ್ ತುರಿ, ಒಳ್ಳೆಯ ಆಯ್ಕೆ.

ಸಸ್ಯಾಹಾರಿಗಳು ಕುಡಿಯಬಹುದಾ?

ಕೇಳಿಯೇ ಕೊಳ್ಳಬೇಕು. ಕೆಂಪು ವೈನನ್ನು ತಿಳಿಯಾಗಿಸಲು, ಒಗರು ತಗ್ಗಿಸಲು ಮೊಟ್ಟೆಯ ಬಿಳಿ ಲೋಳೆ ಬಳಸುವುದು ಹಳೆಯ ಪದ್ಧತಿ. ವರ್ಷಗಟ್ಟಲೆ ಪೀಪಾಯಿಯಲ್ಲಿ ಇರುವುದರಿಂದ ಬರೋಲೊ ತಾನಾಗಿಯೇ ತಿಳಿಯಾಗುತ್ತದೆ, ಹಾಗಾಗಿ ಏನನ್ನೂ ಬಳಸದವರೂ ಬಹಳ ಜನ. ಹಿಂದಿನ ಲೇಬಲ್ಲಿನಲ್ಲಿ ವೀಗನ್ ಎಂದು ಇದ್ದರೆ ನಿಶ್ಚಿಂತೆ.

ಬೆಲೆ ಯಾಕಿಷ್ಟು? ಕಡಿಮೆ ಖರ್ಚಿನಲ್ಲಿ ಇದರ ರುಚಿ ಸಿಗುವುದಿಲ್ಲವಾ?

ಜಾಗ ಚಿಕ್ಕದು, ಇಳುವರಿಗೆ ಮಿತಿ, ಇಳಿಜಾರಿನಲ್ಲಿ ಕೈಕೆಲಸ, ಮೂರು ವರ್ಷ ದಾಟುವವರೆಗೆ ಒಂದು ರೂಪಾಯಿ ಹುಟ್ಟುವುದಿಲ್ಲ. ಮೇಲಾಗಿ ಭಾರತಕ್ಕೆ ಬರುವಾಗ ಸುಂಕ, ರಾಜ್ಯದ ಅಬಕಾರಿ ತೆರಿಗೆ ಸೇರುತ್ತವೆ. ಮೊನ್‌ಫೋರ್ತೀನೊ ಅಂಥವು ಇಟಲಿಯಲ್ಲೇ ಸಾವಿರ ಯೂರೊ ದಾಟುತ್ತವೆ.

ಕಡಿಮೆಗೆ ಬೇಕಿದ್ದರೆ ಲಾಂಗೆ ನೆಬ್ಬಿಯೋಲೊ ಎಂದು ಬರೆದ ಬಾಟಲಿ ಹುಡುಕಿ. ಬರೋಲೊ ಮಾಡುವವರೇ ಎಷ್ಟೋ ಸಲ ಎಳೆಯ ಬಳ್ಳಿಗಳ ಹಣ್ಣಿನಿಂದ ಇದನ್ನು ಮಾಡುತ್ತಾರೆ. ಬೆಲೆ ಅರ್ಧಕ್ಕಿಂತ ಕಡಿಮೆ, ಕಾಯುವ ಕೆಲಸವೂ ಇಲ್ಲ. ಆಲ್ಬಾದ ಇನ್ನೊಂದು ಬದಿಯ ಬಾರ್ಬರೆಸ್ಕೊ ಕೂಡ ಪೂರ್ತಿ ನೆಬ್ಬಿಯೋಲೊ. ಅದನ್ನು ಮಾಗಿಸಬೇಕಾದದ್ದು 26 ತಿಂಗಳು. ಸ್ವಲ್ಪ ಮೆದು, ಬೇಗ ತೆರೆದುಕೊಳ್ಳುತ್ತದೆ. ಅಲ್ಲಿ 1958ರಲ್ಲಿ ರೈತರು ಸೇರಿ ಕಟ್ಟಿದ ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ ಸಹಕಾರ ಸಂಘ ಇದೆ. ಕೊಟ್ಟ ಹಣಕ್ಕೆ ಅವರ ವೈನಿನಷ್ಟು ತೃಪ್ತಿ ಕೊಡುವವು ಇಡೀ ಪ್ರದೇಶದಲ್ಲಿ ಕಡಿಮೆ. ನೀವು ನೆಬ್ಬಿಯೋಲೊ ಇದುವರೆಗೆ ಕುಡಿದೇ ಇಲ್ಲವಾದರೆ ಮೊದಲ ಬಾಟಲಿ ಅದೇ ಇರಲಿ.

ಅಸಲಿ ಎಂದು ಗುರುತಿಸುವುದು ಹೇಗೆ?

ಕತ್ತಿನ ಮೇಲೆ ಡಿಒಸಿಜಿ ಎಂದು ಬರೆದ, ಸಂಖ್ಯೆ ಇರುವ ಸರ್ಕಾರಿ ಪಟ್ಟಿ ಅಂಟಿಸಿರುತ್ತಾರೆ. ಎಷ್ಟೋ ಬಾಟಲಿಗಳ ಭುಜದ ಮೇಲೆ ಗಾಜಿನಲ್ಲೇ ಆಲ್ಬೆಯಿಸಾ ಎಂದು ಉಬ್ಬಕ್ಷರ ಇರುತ್ತದೆ, ಅದು ಆ ಸೀಮೆಯ ಬೆಳೆಗಾರರ ಸಂಘದ ಬಾಟಲಿ.

ಬರೋಲೊ ಕಿನಾತೊ ಅಂದರೆ ಇದೇನಾ?

ಅಲ್ಲ. ಬರೋಲೊಗೆ ಸಿಂಕೋನಾ ತೊಗಟೆ, ಗಿಡಮೂಲಿಕೆ, ಮಸಾಲೆ, ಸಕ್ಕರೆ ಸೇರಿಸಿ ಮಾಡುವ ಕಹಿಸಿಹಿ ಪಾನೀಯ. ಸೆರ್ರಲುಂಗದ ಔಷಧಿ ವ್ಯಾಪಾರಿ ಜುಸೆಪ್ಪೆ ಕಪೆಲ್ಲಾನೊ 19ನೇ ಶತಮಾನದ ಕೊನೆಯಲ್ಲಿ ಇದಕ್ಕೆ ಹೆಸರು ತಂದರು. ಊಟವಾದ ಮೇಲೆ ಕಪ್ಪು ಚಾಕೊಲೇಟ್ ಜೊತೆ ಸ್ವಲ್ಪವೇ ಕುಡಿಯಬೇಕು. ಬಹಳ ರುಚಿ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ, ಹೌದಾ?

ಆ ಕಾರಣಕ್ಕೆ ಕುಡಿಯಬೇಡಿ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬರೋಲೊದಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 14ರ ಆಸುಪಾಸು. ಒಂದು ಬಾಟಲಿಯನ್ನು ಐದಾರು ಜನ ಹಂಚಿಕೊಂಡರೆ ಚೆನ್ನ. ಕುಡಿದು ಗಾಡಿ ಓಡಿಸಬೇಡಿ.

ಆ ಊರುಗಳಿಗೆ ಹೋಗಬಹುದಾ? ಬರುವಾಗ ಬಾಟಲಿ ತರಬಹುದಾ?

ಖಂಡಿತ ಹೋಗಿ. ಲಾಂಗೆಯ ದ್ರಾಕ್ಷಿ ಗುಡ್ಡಗಳು 2014ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಟ್ಯೂರಿನ್ ತನಕ ವಿಮಾನ ಅಥವಾ ರೈಲು, ಅಲ್ಲಿಂದ ಆಲ್ಬಾ. ಅಕ್ಟೋಬರಿನಲ್ಲಿ ಬೆಳಗಿನ ಮಂಜು, ದ್ರಾಕ್ಷಿ ಕೊಯ್ಲು, ಟ್ರಫಲ್ ಸಂತೆ ಎಲ್ಲ ಒಟ್ಟಿಗೆ ಸಿಗುತ್ತವೆ, ಜನವೂ ಜಾಸ್ತಿ. ಲಾ ಮೊರ್ರ ಊರಿನ ತುದಿಯಲ್ಲಿ ನಿಂತರೆ ಬರೋಲೊ ಸೀಮೆಯ ಬಹುಭಾಗ ಕಣ್ಣಿಗೆ ಬೀಳುತ್ತದೆ. ಬರೋಲೊ ಕೋಟೆಯಲ್ಲಿ ವೈನ್ ಮ್ಯೂಸಿಯಂ ಇದೆ. ಸಣ್ಣ ಬೆಳೆಗಾರರ ಮನೆಗೆ ಮುಂಚೆಯೇ ಬರೆದು ಸಮಯ ಕೇಳಿಕೊಂಡು ಹೋಗಿ. ಮಾಲೀಕರೇ ತೋಟ ತೋರಿಸುವುದುಂಟು. ಕೊಯ್ಲಿನ ವಾರಗಳಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ.

ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ 2 ಲೀಟರ್ ಮದ್ಯ ತರಬಹುದು. ಅಂದರೆ 750 ಮಿಲಿಯ ಎರಡು ಬಾಟಲಿ, ಜೊತೆಗೆ ಒಂದು 375 ಮಿಲಿಯ ಅರ್ಧ ಬಾಟಲಿ. ಚೆಕ್‌-ಇನ್ ಸೂಟ್‌ಕೇಸಿನ ನಡುವೆ ದಪ್ಪ ಬಟ್ಟೆಗಳಲ್ಲಿ ಸುತ್ತಿಡಿ. ಮನೆಗೆ ಬಂದ ತಕ್ಷಣ ತೆರೆಯಬೇಡಿ. ಪ್ರಯಾಣದಲ್ಲಿ ಅಲುಗಾಡಿದ ವೈನಿಗೆ ಒಂದೆರಡು ವಾರ ತಂಪು ಜಾಗದಲ್ಲಿ ವಿಶ್ರಾಂತಿ ಕೊಡಿ.